ಡ್ರಮ್ ಮೇಲೆ ಹೆಸರಿದೆ, ಜಗ್ ಮೇಲೆ ಇಲ್ಲ

ಪ್ರಶ್ನೆ: ಸಾರ್, ಬೆಂಗಳೂರಿನ ಪೀಣ್ಯದಲ್ಲಿ ಸಣ್ಣ ಎಲೆಕ್ಟ್ರೋಪ್ಲೇಟಿಂಗ್ ಘಟಕವೊಂದರಲ್ಲಿ ಸೂಪರ್‌ವೈಸರ್ ಆಗಿದ್ದೇನೆ. ಜಿಂಕ್, ನಿಕಲ್, ಕ್ರೋಮ್ ಮೂರೂ ಲೈನ್ ಇದೆ. ಹೋದ ತಿಂಗಳು ರಫ್ತು ಮಾಡುವ ಗಿರಾಕಿಯ ಕಡೆಯಿಂದ ಆಡಿಟ್‌ಗೆ ಬಂದಿದ್ದರು. ಕೆಮಿಕಲ್ ಪಾತ್ರೆಗಳಿಗೆ ಸರಿಯಾದ ಲೇಬಲ್ ಇಲ್ಲ, ಎಸ್‌ಡಿಎಸ್ (ಕೆಮಿಕಲ್‌ನ ಸುರಕ್ಷತಾ ಮಾಹಿತಿ ಹಾಳೆ) ಫೈಲ್ ಇಲ್ಲ ಅಂತ ಬರೆದು ಹೋದರು. 'ನೆಟ್ಟಲ್ಲಿ ಸ್ಟಿಕ್ಕರ್ ಸಿಗುತ್ತೆ, ಪ್ರಿಂಟ್ ತೆಗೆದು ಅಂಟಿಸಿಬಿಡು' ಅಂತಾರೆ ನಮ್ಮ ಓನರ್. ನೋಡಿದರೆ ಕೆಲವು ಕಡೆ ಕೆಂಪು ಗೆರೆಯ ಡೈಮಂಡ್, ಕೆಲವು ಕಡೆ ನೀಲಿ-ಕೆಂಪು-ಹಳದಿ ಡೈಮಂಡ್. ಯಾವುದು ಸರಿ? ಯಾವ ಕೆಮಿಕಲ್ ಯಾವ ವರ್ಗಕ್ಕೆ ಸೇರುತ್ತೆ ಅಂತ ನಾನು ಹೇಗೆ ತೀರ್ಮಾನ ಮಾಡಲಿ? ಓದಿರೋದು ಮೆಕ್ಯಾನಿಕಲ್ ಡಿಪ್ಲೊಮಾ. ಇನ್ನೊಂದು, ಏನು ಅಂಟಿಸಿದರೂ ಆಸಿಡ್ ಹೊಗೆಗೆ ಒಂದು ವಾರದಲ್ಲಿ ಹಾಳಾಗುತ್ತೆ. ಅದಕ್ಕೇನು ದಾರಿ?

ಉತ್ತರ: ಸ್ಟಿಕ್ಕರ್ ಪ್ರಿಂಟ್ ತೆಗೆಯೋ ಕೆಲಸ ಸದ್ಯಕ್ಕೆ ಬಿಡಿ. ಅದು ಕೊನೇ ಕೆಲಸ. ಮೊದಲು ಒಂದು ನೋಟ್‌ಬುಕ್ ಹಿಡಿದು ಘಟಕದೊಳಗೆ ಒಂದು ಸುತ್ತು ಹಾಕಿ. ಸ್ಟೋರಿನಲ್ಲಿರುವ ಡ್ರಮ್ಮು, ಚೀಲ ಬರೆದುಕೊಳ್ಳೋದು ಸುಲಭ, ಬಿಲ್ ನೋಡಿಕೊಂಡೇ ಬರೆಯಬಹುದು. ನೀವು ಕಣ್ಣಿಟ್ಟು ನೋಡಬೇಕಾದದ್ದು ಲೈನ್ ಪಕ್ಕದ ಜಗ್ಗು, ಮಗ್ಗು, ಬಾಯಿ ಕೊಯ್ದ ಹಳೇ ಕ್ಯಾನು, ರೆಕ್ಟಿಫೈಯರ್ ಹಿಂದೆ ಗೋಡೆಗೆ ಒರಗಿ ಕೂತಿರುವ ನೀರಿನ ಬಾಟಲಿ. ಕಂಪನಿಯಿಂದ ಬಂದ ಡ್ರಮ್ ಮೇಲೆ ಏನೋ ಒಂದು ಲೇಬಲ್ ಇದ್ದೇ ಇರುತ್ತದೆ. ನಾನು ಕಂಡ ಅಪಘಾತಗಳಲ್ಲಿ ಹೆಚ್ಚಿನವು ಆದದ್ದು ಎರಡನೇ ಪಾತ್ರೆಯಲ್ಲಿ, ಅಂದರೆ ಡ್ರಮ್ಮಿನಿಂದ ಬಗ್ಗಿಸಿಕೊಂಡ ಮೇಲೆ.

ಒಂದು ಘಟನೆ ಹೇಳುತ್ತೇನೆ. ತುಂಬಾ ವರ್ಷದ ಹಿಂದೆ ನಾನೇ ಕೆಲಸಕ್ಕಿದ್ದ ಒಂದು ಪ್ಲೇಟಿಂಗ್ ಘಟಕ. ಪಿಕ್ಲಿಂಗ್‌ಗೆ, ಅಂದರೆ ಲೋಹದ ತುಕ್ಕು ತೆಗೆಯೋಕೆ, ಹೈಡ್ರೋಕ್ಲೋರಿಕ್ ಆಸಿಡ್ ಬರುತ್ತಿತ್ತು, ಇಟಿಪಿಯಲ್ಲಿ (ಕೊಳಕು ನೀರು ಶುದ್ಧ ಮಾಡುವ ಘಟಕ) ಸಯನೈಡ್ ನೀರಿಗೆ ಹಾಕೋಕೆ ಸೋಡಿಯಂ ಹೈಪೋಕ್ಲೋರೈಟ್, ಅಂದರೆ ನಾವು ಹೈಪೋ ಅನ್ನೋದು, ಬರುತ್ತಿತ್ತು. ಎರಡೂ ಒಂದೇ ಬಣ್ಣದ, ಒಂದೇ ಅಳತೆಯ ಕ್ಯಾನಿನಲ್ಲಿ. ನಾವೇನು ಸುಮ್ನೆ ಇರಲಿಲ್ಲ, ದಪ್ಪ ಮಾರ್ಕರ್‌ನಲ್ಲಿ ಹೆಸರು ಬರೆದಿದ್ದೆವು. ಎಲ್ಲಿ ಅಂತೀರಾ? ಮುಚ್ಚಳದ ಮೇಲೆ. ಒಂದು ರಾತ್ರಿ ಎರಡೂ ಕ್ಯಾನು ಒಟ್ಟಿಗೆ ತೆರೆದಿದ್ದಾರೆ, ಮುಚ್ಚುವಾಗ ಮುಚ್ಚಳ ಅದಲುಬದಲಾಗಿದೆ. ಬೆಳಗಿನ ಶಿಫ್ಟಿನ ಹುಡುಗ ಮುಚ್ಚಳ ಓದಿಕೊಂಡೇ, ಆಸಿಡ್ ಅಂತ ನಂಬಿಕೊಂಡೇ, ಪಿಕ್ಲಿಂಗ್ ಟ್ಯಾಂಕಿಗೆ ಹೈಪೋ ಸುರಿದ. ಆಸಿಡ್‌ಗೆ ಹೈಪೋ ಸೇರಿದರೆ ಕ್ಲೋರಿನ್ ಅನಿಲ ಬರುತ್ತದೆ. ಹಳದಿ ಹಸಿರು ಹೊಗೆ ಕಂಡ ಕೂಡಲೇ ಕ್ಯಾನು ಬಿಸಾಕಿ ಓಡಿದ್ದರಿಂದ ಬದುಕಿದ. ಮೂರು ಜನ ಆಸ್ಪತ್ರೆ ಸೇರಿದರು. ಆಮೇಲೆ ವಿಚಾರಣೆಯಲ್ಲಿ ಎಲ್ಲರೂ ಕೇಳಿದ್ದು ಒಂದೇ: ಹೆಸರು ಬರೆದಿರಲಿಲ್ವಾ? ಬರೆದಿತ್ತು. ಹುಡುಗ ಓದಿಯೂ ಇದ್ದ.

ಆವತ್ತಿನಿಂದ ಮುಚ್ಚಳದ ಮೇಲೆ ಹೆಸರು ಬರೆಯೋದನ್ನ ಎಲ್ಲಿ ಕಂಡರೂ ಅಳಿಸುತ್ತೇನೆ. ಹೆಸರು ಪಾತ್ರೆಯ ಮೈಮೇಲೆ ಇರಬೇಕು, ಹಿಡಿಕೆ ಹಿಡಿದು ಎತ್ತಿದಾಗ ಎತ್ತಿದವನ ಕಣ್ಣಿಗೆ ಬೀಳುವ ಕಡೆ.

ಈಗ ನಿಮ್ಮ ಎರಡು ಡೈಮಂಡ್ ವಿಷಯ. ನೀಲಿ, ಕೆಂಪು, ಹಳದಿ, ಬಿಳಿ ಅಂತ ನಾಲ್ಕು ಮನೆ ಇರೋದು ಎನ್‌ಎಫ್‌ಪಿಎ 704. ಅಮೆರಿಕದ ಅಗ್ನಿ ಸುರಕ್ಷತೆಯ ಸಂಸ್ಥೆಯೊಂದು ಮಾಡಿದ್ದು. ಬೆಂಕಿ ಆರಿಸೋಕೆ ಬಂದವರು ಗೋಡೌನ್ ಬಾಗಿಲಲ್ಲೇ ನಿಂತು, ಒಳಗೇನಿದೆ, ಎಷ್ಟು ಹತ್ತಿರ ಹೋಗಬಹುದು ಅಂತ ಅಂದಾಜು ಮಾಡೋಕೆ ಅದು ಇರೋದು. ನೀಲಿ ಆರೋಗ್ಯಕ್ಕೆ, ಕೆಂಪು ಬೆಂಕಿಗೆ, ಹಳದಿ ತಾನಾಗೇ ಸಿಡಿಯುವ ಗುಣಕ್ಕೆ. ದಿನಾ ಅದರ ಜೊತೆ ಕೆಲಸ ಮಾಡುವವನಿಗೆ ಹತ್ತು ವರ್ಷದಲ್ಲಿ ಏನಾಗುತ್ತದೆ ಅಂತ ಅದು ಹೇಳಲ್ಲ. ಕೆಂಪು ಗೆರೆ, ಬಿಳಿ ಹಿನ್ನೆಲೆ, ಕಪ್ಪು ಚಿತ್ರ ಇರೋದು ಜಿಎಚ್‌ಎಸ್, ಅಂದರೆ ಕೆಮಿಕಲ್‌ಗಳ ವರ್ಗಕ್ಕೂ ಲೇಬಲ್‌ಗೂ ಎಲ್ಲಾ ದೇಶಕ್ಕೂ ಒಂದೇ ಇರಲಿ ಅಂತ ಮಾಡಿದ ಪದ್ಧತಿ. 1992ರ ರಿಯೋ ಶೃಂಗಸಭೆಯಲ್ಲಿ ಅದರ ಮಾತು ಶುರುವಾಯಿತು, 2003ರಲ್ಲಿ ವಿಶ್ವಸಂಸ್ಥೆ ಮೊದಲ ಆವೃತ್ತಿ ತಂದಿತು, ಆಮೇಲೆ ಎರಡೆರಡು ವರ್ಷಕ್ಕೆ ತಿದ್ದುತ್ತಾ ಬಂದಿದ್ದಾರೆ. ಅದಕ್ಕೂ ಮೊದಲು ಒಂದೇ ಕೆಮಿಕಲ್ ಒಂದು ದೇಶದಲ್ಲಿ ವಿಷ, ಇನ್ನೊಂದು ದೇಶದಲ್ಲಿ ಬರೀ ಹಾನಿಕರ ಅಂತ ಲೇಬಲ್ ಹೊತ್ತು ತಿರುಗುತ್ತಿತ್ತು. ನಿಮಗೆ ಬೇಕಾದದ್ದು ಇದೇ, ಜಿಎಚ್‌ಎಸ್.

ಎರಡನ್ನೂ ಒಂದೇ ಲೇಬಲ್ ಮೇಲೆ ಹಾಕಬೇಡಿ, ಅದಕ್ಕೆ ಕಾರಣ ಇದೆ. ಎನ್‌ಎಫ್‌ಪಿಎಯಲ್ಲಿ 4 ಅಂದರೆ ಅತಿ ಕೆಟ್ಟದ್ದು, 0 ಅಂದರೆ ಏನಿಲ್ಲ. ಜಿಎಚ್‌ಎಸ್‌ನಲ್ಲಿ ಉಲ್ಟಾ, ಕ್ಯಾಟಗರಿ 1 ಅತಿ ಕೆಟ್ಟದ್ದು, ಅಂಕಿ ಜಾಸ್ತಿ ಆದಂತೆ ಸೌಮ್ಯ. ಎಸ್‌ಡಿಎಸ್‌ನಲ್ಲಿ 'ಕ್ಯಾಟಗರಿ 1' ಅಂತ ಓದಿ, ಓ ಒಂದೇ ತಾನೇ ಅಂತ ನೆಮ್ಮದಿಯಾಗಿದ್ದ ಸ್ಟೋರ್ ಇನ್‌ಚಾರ್ಜ್‌ಗಳನ್ನ ನಾನೇ ನೋಡಿದ್ದೇನೆ. ಡ್ರಮ್ ಮೇಲೆ ಮೂರನೇ ಥರದ್ದೂ ಒಂದು ಕಾಣಬಹುದು, ಕೆಂಪು ಗೆರೆ ಇಲ್ಲದ ಡೈಮಂಡ್, ಕೆಳಗಿನ ಮೂಲೆಯಲ್ಲಿ 8 ಅಥವಾ 6 ಅಂತ ಅಂಕಿ. ಅದು ಲಾರಿ, ಹಡಗಿನ ಸಾಗಣೆಗೆ. ಅದರ ಪಾಡಿಗೆ ಅದಿರಲಿ, ಕೀಳಬೇಡಿ.

ಕಾನೂನು ಏನು ಹೇಳುತ್ತೆ ಅಂತ ಓನರ್ ಕೇಳೇ ಕೇಳುತ್ತಾರೆ. ನಮ್ಮಲ್ಲಿ ಇದಕ್ಕೆ ಮುಖ್ಯ ಆಧಾರ ಪರಿಸರ ಸಂರಕ್ಷಣಾ ಕಾಯ್ದೆಯ ಕೆಳಗೆ ಬಂದ 1989ರ ಅಪಾಯಕಾರಿ ರಾಸಾಯನಿಕಗಳ ತಯಾರಿಕೆ, ಸಂಗ್ರಹ ಮತ್ತು ಆಮದು ನಿಯಮಗಳು. ಅದರ 17ನೇ ನಿಯಮದ ಪ್ರಕಾರ ಸುರಕ್ಷತಾ ಮಾಹಿತಿ ಹಾಳೆ ಇರಬೇಕು, ಪ್ರತಿ ಪಾತ್ರೆಯ ಮೇಲೆ ಒಳಗೇನಿದೆ, ತಯಾರಿಸಿದವರು ಅಥವಾ ಆಮದು ಮಾಡಿದವರು ಯಾರು, ಅವರ ವಿಳಾಸ, ಅದರ ಗುಣ ಮತ್ತು ವಿಷದ ಮಾಹಿತಿ ಇರಬೇಕು. ಆಗ ಜಿಎಚ್‌ಎಸ್ ಹುಟ್ಟಿರಲೇ ಇಲ್ಲ, ಹಾಗಾಗಿ ಕೆಂಪು ಡೈಮಂಡ್ ಮಾತು ಅದರಲ್ಲಿಲ್ಲ. ನಿಮ್ಮ ಗಿರಾಕಿಯ ಗಿರಾಕಿ ಯುರೋಪಿನವರೋ ಅಮೆರಿಕದವರೋ ಆಗಿರುತ್ತಾರೆ, ಅಲ್ಲಿ ಅದು ಕಡ್ಡಾಯ, ಅದಕ್ಕೇ ಆಡಿಟ್‌ನವರು ಕೇಳಿದ್ದು. ಇನ್ನು ಕೆಲಸಗಾರರಿಗೆ ಅಪಾಯದ ಮಾಹಿತಿ ಕೊಡಲೇಬೇಕು ಅನ್ನೋ ಕಲಮು ಕಾರ್ಖಾನೆ ಕಾಯ್ದೆಗೆ ಸೇರಿದ್ದು 1987ರಲ್ಲಿ, ಭೋಪಾಲ್ ಆದ ಮೂರು ವರ್ಷಕ್ಕೆ. ಈಗ ಆ ಕಾಯ್ದೆಯ ಜಾಗಕ್ಕೆ 2020ರ ಔದ್ಯೋಗಿಕ ಸುರಕ್ಷತೆಯ ಸಂಹಿತೆ ಬಂದಿದೆ, 2025ರ ನವೆಂಬರ್ 21ರಿಂದ ಜಾರಿ. ಮಾಹಿತಿ ಕೊಡುವ ಹೊಣೆ ಅದರಲ್ಲೂ ಮಾಲೀಕರ ಮೇಲೇ ಇದೆ. ಓನರ್‌ಗೆ ಇಷ್ಟು ಹೇಳಿ ಸಾಕು.

ವರ್ಗ ತೀರ್ಮಾನಿಸೋದು ಹೇಗೆ ಅಂದಿರಿ. ನೀವು ತೀರ್ಮಾನಿಸಬೇಕಾಗಿಲ್ಲ. ಅದು ತಯಾರಿಸಿದವರ ಕೆಲಸ. ಎಸ್‌ಡಿಎಸ್‌ನಲ್ಲಿ 16 ವಿಭಾಗ ಇರುತ್ತವೆ, ಅದರಲ್ಲಿ 2ನೇ ವಿಭಾಗ ತೆಗೆದರೆ ಲೇಬಲ್‌ಗೆ ಬೇಕಾದದ್ದೆಲ್ಲ ಅಲ್ಲೇ ಇದೆ: ಯಾವ ಚಿತ್ರ, 'ಅಪಾಯ' ಅಂತಲೋ 'ಎಚ್ಚರಿಕೆ' ಅಂತಲೋ, ಎಚ್ ಅಕ್ಷರದಿಂದ ಶುರುವಾಗುವ ಅಪಾಯದ ವಾಕ್ಯಗಳು, ಪಿ ಅಕ್ಷರದಿಂದ ಶುರುವಾಗುವ ಮುನ್ನೆಚ್ಚರಿಕೆಗಳು. 'ಅಪಾಯ' ದೊಡ್ಡದು, 'ಎಚ್ಚರಿಕೆ' ಅದಕ್ಕಿಂತ ಕಡಿಮೆ. ಎರಡೂ ಒಟ್ಟಿಗೆ ಬರಲ್ಲ. ಒಂದೇ ಲೇಬಲ್ ಮೇಲೆ ಎರಡೂ ಕಂಡರೆ ಯಾರೋ ಅರ್ಧ ತಿಳಿದವರು ಮಾಡಿದ್ದು ಅಂತ ಗೊತ್ತಾಗುತ್ತದೆ.

ಆದರೆ ಬಂದ ಎಸ್‌ಡಿಎಸ್‌ಅನ್ನ ಹಾಗೇ ನಂಬಬೇಡಿ. ನಮ್ಮ ಸಣ್ಣ ಡೀಲರ್‌ಗಳು ಎಷ್ಟೋ ಸಲ ನೆಟ್ಟಿನಿಂದ ಯಾವುದೋ ವಿದೇಶಿ ಕಂಪನಿಯದ್ದು ಇಳಿಸಿ ಮೇಲೆ ತಮ್ಮ ಲೋಗೋ ಹಾಕಿ ಕಳಿಸುತ್ತಾರೆ. ತುರ್ತು ಫೋನ್ ನಂಬರ್ ನೋಡಿ, ಬೇರೆ ದೇಶದ್ದಿದ್ದರೆ ಅಲ್ಲೇ ಅನುಮಾನ ಪಡಿ. 3ನೇ ವಿಭಾಗದಲ್ಲಿ ಎಷ್ಟು ಪರ್ಸೆಂಟ್ ಅಂತ ಇದೆಯೋ ಅದು ನಿಮ್ಮ ಬಿಲ್ಲಿನ ಪರ್ಸೆಂಟ್‌ಗೆ ಹೊಂದಬೇಕು. ಅಲ್ಲೇ ಸಿಎಎಸ್ ನಂಬರ್ ಇರುತ್ತದೆ, ಪ್ರತಿ ಕೆಮಿಕಲ್‌ಗೂ ಒಂದೊಂದು, ನಮ್ಮ ಆಧಾರ್ ಇದ್ದ ಹಾಗೆ. ಸಲ್ಫ್ಯೂರಿಕ್ ಆಸಿಡ್‌ದು 7664-93-9. ಇದರಲ್ಲಿ ಒಂದು ಚಂದದ ಲೆಕ್ಕ ಇದೆ. ಕೊನೇ ಅಂಕಿ 9 ಬಿಟ್ಟು, ಬಲದಿಂದ ಎಡಕ್ಕೆ ಬನ್ನಿ: 3ನ್ನು 1ರಿಂದ, 9ನ್ನು 2ರಿಂದ, 4ನ್ನು 3ರಿಂದ, 6ನ್ನು 4ರಿಂದ, 6ನ್ನು 5ರಿಂದ, 7ನ್ನು 6ರಿಂದ ಗುಣಿಸಿ ಕೂಡಿ. 129 ಬರುತ್ತದೆ. ಅದರ ಕೊನೇ ಅಂಕಿ 9, ತಾಳೆಯಾಯಿತು. ಟೈಪ್ ಮಾಡುವಾಗ ಅಂಕಿ ಹಿಂದುಮುಂದಾಗಿದ್ದರೆ ಸಾಮಾನ್ಯವಾಗಿ ಇಲ್ಲೇ ಸಿಕ್ಕಿಬೀಳುತ್ತದೆ.

ಬ್ರೈಟ್ನರ್ (ಲೇಪಕ್ಕೆ ಹೊಳಪು ತರೋದು), ಪ್ಯಾಸಿವೇಶನ್ ಲಿಕ್ವಿಡ್ (ಲೇಪ ತುಕ್ಕು ಹಿಡಿಯದಂತೆ ಕಾಯೋದು) ಥರದ ಬ್ರ್ಯಾಂಡ್ ಹೆಸರಿನ ಮಾಲಿಗೆ ಮಾತ್ರ ಕಷ್ಟ. 'ಫಾರ್ಮುಲಾ ಸೀಕ್ರೆಟ್ ಸಾರ್, ಕೊಡಕ್ಕಾಗಲ್ಲ' ಅಂತಾರೆ. ಪರ್ಸೆಂಟ್ ಬಚ್ಚಿಡಲಿ, ಪರವಾಗಿಲ್ಲ. ಅಪಾಯ ಬಚ್ಚಿಡೋ ಹಾಗಿಲ್ಲ. 2ನೇ ವಿಭಾಗ ತುಂಬದೇ ಕೊಟ್ಟ ಎಸ್‌ಡಿಎಸ್ ವಾಪಸ್ ಕಳಿಸಿ, ಮುಂದಿನ ಆರ್ಡರ್ ನಿಲ್ಲಿಸುತ್ತೇವೆ ಅನ್ನಿ. ಎರಡು ದಿನದಲ್ಲಿ ಬರುತ್ತದೆ.

ತೀರ್ಮಾನ ನಿಮ್ಮ ತಲೆಗೆ ಬರೋದು ಒಂದೇ ಕಡೆ, ನೀವೇ ನೀರು ಬೆರೆಸಿದಾಗ. ಡ್ರಮ್ಮಿನ ಲೇಬಲ್ ಡ್ರಮ್ಮಿನ ಗಾಢತೆಗೆ ಮಾತ್ರ ಸರಿ. ಯುರೋಪಿನ ನಿಯಮದ ಅಂಕಿಗಳು ಇಲ್ಲಿ ಒಳ್ಳೇ ಅಳತೆಗೋಲು. ಹೈಡ್ರೋಕ್ಲೋರಿಕ್ 25 ಪರ್ಸೆಂಟ್ ದಾಟಿದರೆ ಚರ್ಮ ಸುಡುವ ವರ್ಗ, 10ರಿಂದ 25ರ ತನಕ ಬರೀ ಉರಿ ತರುವ ವರ್ಗ. ಸಲ್ಫ್ಯೂರಿಕ್‌ಗೆ ಆ ಗೆರೆ 15ಕ್ಕೇ ಬರುತ್ತದೆ. ಕಾಸ್ಟಿಕ್ ಸೋಡಾಗೆ? 2 ಪರ್ಸೆಂಟ್‌ಗೇ ಸುಡುವ ವರ್ಗ ಶುರು, 5 ದಾಟಿದರೆ ಅದರಲ್ಲೇ ಅತಿ ಕೆಟ್ಟ ದರ್ಜೆ. ಈ ಮೂರು ಅಂಕಿ ಲೈನಿನವರಿಗೆ ಹೇಳಿ ನೋಡಿ, ಯಾರೂ ನಂಬಲ್ಲ. ಆಸಿಡ್ ಅಂದರೆ ಎಲ್ಲರಿಗೂ ಭಯ, ಕಾಸ್ಟಿಕ್ ಅಂದರೆ ಸೋಪಿನ ನೀರಿನ ಥರ ಅಂತ ಸಲಿಗೆ. ಡಿಗ್ರೀಸಿಂಗ್ ಟ್ಯಾಂಕಿನ, ಅಂದರೆ ಎಣ್ಣೆ ಜಿಡ್ಡು ತೆಗೆಯುವ ಟ್ಯಾಂಕಿನ, ಬಿಸಿ ಕಾಸ್ಟಿಕ್ ಒಂದು ಹನಿ ಕಣ್ಣಿಗೆ ಹಾರಿದರೆ ಅದು ಆಸಿಡ್‌ಗಿಂತ ಆಳಕ್ಕೆ ಇಳಿಯುತ್ತದೆ.

ನಿಮ್ಮ ಪಿಕ್ಲಿಂಗ್ ಟ್ಯಾಂಕು 15 ಪರ್ಸೆಂಟ್ ಹೈಡ್ರೋಕ್ಲೋರಿಕ್ ಇದ್ದರೆ, ಚರ್ಮದ ಲೆಕ್ಕಕ್ಕೆ ಪುಸ್ತಕದ ಪ್ರಕಾರ ಬರೀ ಆಶ್ಚರ್ಯ ಚಿಹ್ನೆ ಸಾಕು, 'ಎಚ್ಚರಿಕೆ' ಸಾಕು. ನಾನಾದರೆ ಅಲ್ಲೂ ಕೈ ಸುಡುವ ಚಿತ್ರವನ್ನೇ ಹಾಕುತ್ತೇನೆ. ಯಾಕೆಂದರೆ ಟ್ಯಾಂಕಿನ ಪರ್ಸೆಂಟ್ ಕಾಗದದ ಮೇಲೆ ಮಾತ್ರ 15. ಸೋಮವಾರ ಬೆಳಿಗ್ಗೆ ಹೊಸ ಆಸಿಡ್ ಸುರಿದ ಹತ್ತು ನಿಮಿಷ, ಸುರಿದ ಮೂಲೆಯಲ್ಲಿ ಎಷ್ಟಿರುತ್ತೆ ಅಂತ ಯಾರಿಗೂ ಗೊತ್ತಿಲ್ಲ.

ಚಿತ್ರಗಳು ಒಟ್ಟು ಒಂಬತ್ತು. ಎಲ್ಲಾ ವಿವರಿಸಲ್ಲ, ನಿಮ್ಮ ಲೈನಿನಲ್ಲಿ ಎಡವಟ್ಟಾಗುವ ಮೂರು ಹೇಳುತ್ತೇನೆ. ಒಂದು, ಬರೀ ಜ್ವಾಲೆ ಬೇರೆ, ಉಂಗುರದ ಮೇಲಿನ ಜ್ವಾಲೆ ಬೇರೆ. ಥಿನ್ನರ್, ಅಸಿಟೋನ್ ಮೇಲೆ ಬರೀ ಜ್ವಾಲೆ, ಅವು ತಾವೇ ಉರಿಯುತ್ತವೆ. ಉಂಗುರ ಇರೋದು ಕ್ರೋಮ್ ಲೈನಿನ ಕ್ರೋಮಿಕ್ ಆಸಿಡ್ ಮೇಲೆ. ಅದು ತಾನು ಉರಿಯಲ್ಲ, ಪಕ್ಕದಲ್ಲಿರೋದನ್ನ ಉರಿಸುತ್ತದೆ. ಕ್ರೋಮಿಕ್ ಹರಳು ಚೆಲ್ಲಿತು ಅಂತ ಮರದ ಪುಡಿ ಹಾಕಿ ಗುಡಿಸಿದರೆ, ಥಿನ್ನರ್ ಒರೆಸಿದ ಬಟ್ಟೆಯಿಂದಲೇ ಅದನ್ನೂ ಒರೆಸಿದರೆ, ಬೆಂಕಿಗೆ ಬೇರೆ ಕಿಡಿ ಬೇಕಾಗಿಲ್ಲ.

ಎರಡನೇದು ಎದೆಯಲ್ಲಿ ನಕ್ಷತ್ರ ಒಡೆದ ಹಾಗಿರುವ ಮನುಷ್ಯನ ಚಿತ್ರ. ತಲೆಬುರುಡೆಗೆ ಎಲ್ಲರೂ ಹೆದರುತ್ತಾರೆ, ಇವನನ್ನ ಯಾರೂ ಲೆಕ್ಕಕ್ಕೇ ಇಟ್ಟುಕೊಳ್ಳಲ್ಲ. ನನ್ನ ಕೇಳಿದರೆ ಪ್ಲೇಟಿಂಗ್‌ನಲ್ಲಿ ಅತಿ ಜಾಸ್ತಿ ಜನಕ್ಕೆ ತೊಂದರೆ ಕೊಟ್ಟಿರೋದು ಇವನೇ. ಕ್ರೋಮ್ ಟ್ಯಾಂಕಿನ ಮಂಜು ವರ್ಷಗಟ್ಟಲೆ ಎಳೆದುಕೊಂಡವರಿಗೆ ಮೂಗಿನ ನಡುವಿನ ಗೋಡೆ ತೂತಾಗುತ್ತದೆ, ನೋವೇ ಇರಲ್ಲ, ಗೊತ್ತೇ ಆಗಲ್ಲ. ಆ ಆರು ವೇಲೆನ್ಸಿಯ ಕ್ರೋಮಿಯಂ ಮನುಷ್ಯನಿಗೆ ಕ್ಯಾನ್ಸರ್ ತರುತ್ತದೆ ಅಂತ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1ನೇ ಗುಂಪಿನಲ್ಲಿ ಇಟ್ಟಿದೆ. ನಿಕಲ್ ಲವಣಗಳೂ ಅದೇ ಗುಂಪು. ಡಿಗ್ರೀಸಿಂಗ್‌ಗೆ ಬಳಸುವ ಟಿಸಿಇ, ಅಂದರೆ ಟ್ರೈಕ್ಲೋರೋಎಥಿಲೀನ್, ಅದೂ ಅಲ್ಲೇ. ಸಿಹಿ ವಾಸನೆ, ಸುಲಭಕ್ಕೆ ಹೊತ್ತಲ್ಲ, ಕೈ ಸುಡಲ್ಲ, ಹಾಗಾಗಿ ಅದರಲ್ಲಿ ಕೈ ತೊಳೆಯುವವರೂ ಇದ್ದಾರೆ.

ಮೂರನೇದು ಚಿತ್ರ ಅಲ್ಲ, ಚಿತ್ರ ಇಲ್ಲದಿರೋದು. ಯಾವುದಕ್ಕೆ ಯಾವುದು ಸೇರಬಾರದು ಅಂತ ಹೇಳುವ ಚಿತ್ರ ಒಂಬತ್ತರಲ್ಲಿ ಒಂದೂ ಇಲ್ಲ. ನಿಮ್ಮ ಜಿಂಕ್ ಲೈನು ಸಯನೈಡ್ ಬಾತ್ (ಸಯನೈಡ್ ಬೆರೆಸಿದ ದ್ರಾವಣ) ಆಗಿದ್ದರೆ ಇದನ್ನ ಎರಡು ಸಲ ಓದಿ. ಸೋಡಿಯಂ ಸಯನೈಡ್ ಡಬ್ಬದ ಮೇಲೆ ತಲೆಬುರುಡೆ ಇದೆ, ಸತ್ತ ಮೀನಿನ ಚಿತ್ರ ಇದೆ. ಆಸಿಡ್ ಸೋಕಿದರೆ ಹೈಡ್ರೋಜನ್ ಸಯನೈಡ್ ಬರುತ್ತದೆ ಅನ್ನೋದು ಮಾತ್ರ ಎಲ್ಲೋ ಸಣ್ಣ ಅಕ್ಷರದ ವಾಕ್ಯದಲ್ಲಿ ಇರುತ್ತದೆ. ಆ ಹೈಡ್ರೋಜನ್ ಸಯನೈಡ್ ಸುಮಾರು 26 ಡಿಗ್ರಿಗೆ ಕುದಿಯುತ್ತದೆ, ಅಂದರೆ ಬೆಂಗಳೂರಿನ ಮಾರ್ಚ್ ಮಧ್ಯಾಹ್ನಕ್ಕೆ ಅದು ಅನಿಲವೇ. ಕಹಿ ಬಾದಾಮಿ ವಾಸನೆ ಅಂತಾರೆ, ಎಷ್ಟೋ ಜನರ ಮೂಗಿಗೆ ಅದು ಹತ್ತುವುದೇ ಇಲ್ಲ. ಹಾಗಾಗಿ ಸಯನೈಡ್ ಡಬ್ಬ, ಟ್ಯಾಂಕು, ಅದರ ಸ್ಕೂಪು, ಮೂರರ ಮೇಲೂ 'ಆಸಿಡ್ ಹತ್ತಿರ ತರಬೇಡಿ' ಅಂತ ನೀವೇ ದಪ್ಪ ಅಕ್ಷರದಲ್ಲಿ ಬರೆಸಿ. ಪಿಕ್ಲಿಂಗ್ ಟ್ಯಾಂಕಿನ ಬೋರ್ಡಿನ ಮೇಲೆ ಅದೇ ಮಾತು ತಿರುಗಿಸಿ, ಸಯನೈಡ್ ಅಂತ, ಹೈಪೋ ಅಂತ ಬರೆಸಿ. ಸ್ಟೋರಿನಲ್ಲಿ ಬೇರೆ ಬೇರೆ ಕಪಾಟು ಇದ್ದರಷ್ಟೇ ಸಾಲದು. ಎರಡೂ ಸೋರಿದರೆ ನೆಲದ ಮೇಲೆ ಹರಿದು ಎಲ್ಲಿ ಸೇರುತ್ತವೆ ನೋಡಿ. ಒಂದೇ ಚರಂಡಿ ಆಗಿದ್ದರೆ ಲೇಬಲ್ ಏನೂ ಮಾಡಲಾರದು.

ಸಯನೈಡ್ ಎಷ್ಟು ಕೆಟ್ಟದ್ದು ಅಂತ ಹುಡುಗರಿಗೆ ಹೇಳೋಕೆ ಒಂದು ಹೋಲಿಕೆ. ಪ್ರಯೋಗದ ಇಲಿಗಳಿಗೆ ತಿನ್ನಿಸಿ, ಅರ್ಧದಷ್ಟು ಸಾಯೋಕೆ ಮೈತೂಕದ ಕೆಜಿಗೆ ಎಷ್ಟು ಮಿಲಿಗ್ರಾಂ ಬೇಕು ಅಂತ ಅಳೆದು ವಿಷದ ದರ್ಜೆ ಮಾಡುತ್ತಾರೆ. 5, 50, 300, 2000 ಅಂತ ಮೆಟ್ಟಿಲು. ಅಡುಗೆ ಉಪ್ಪಿಗೆ ಅದು ಸುಮಾರು 3000. ಸೋಡಿಯಂ ಸಯನೈಡ್‌ಗೆ 10ರ ಒಳಗೆ. ಹಳ್ಳಿಯಿಂದ ಬಂದವರಿಗೆ ಇನ್ನೂ ಸುಲಭ, ಕೀಟನಾಶಕದ ಬಾಟಲಿ ಮೇಲಿನ ತ್ರಿಕೋನ ನೆನಪಿಸಿ. ಕೆಂಪು ಅಂದರೆ 50ರ ಒಳಗೆ, ಹಳದಿ 500ರ ತನಕ, ನೀಲಿ 5000ದ ತನಕ, ಹಸಿರು ಅದರ ಮೇಲೆ. 1971ರ ಕೀಟನಾಶಕ ನಿಯಮಗಳಿಂದ ಬಂದದ್ದು, ನಮ್ಮ ದೇಶದಲ್ಲಿ ಅತಿ ಹೆಚ್ಚು ಜನ ಕಂಡಿರುವ ಅಪಾಯದ ಲೇಬಲ್ ಇದೇ ಇರಬೇಕು. ಆದರೂ ನಾವು ಅದನ್ನ ಕರೆಯೋದು ಏನಂತ? 'ಔಷಧಿ ಹೊಡೆದು ಬಂದೆ' ಅಂತ. ಕೆಂಪು ತ್ರಿಕೋನದ ಮೇಲೆ ನಾವೇ ಬಾಯಲ್ಲಿ ಬೇರೆ ಲೇಬಲ್ ಅಂಟಿಸಿಬಿಟ್ಟಿದ್ದೇವೆ!

ಬಾಯಿಮಾತಿನ ಹೆಸರು ಅಂದ ಕೂಡಲೇ ನೆನಪಾಯಿತು. ಹೈಪೋ ಅಂದರೆ ನಿಮಗೆ ಹೈಪೋಕ್ಲೋರೈಟ್. ಹಳೇ ಫೋಟೋ ಸ್ಟುಡಿಯೋದವರಿಗೆ ಹೈಪೋ ಅಂದರೆ ಥಯೋಸಲ್ಫೇಟ್, ಬೇರೆಯೇ ವಸ್ತು. ಸೋಡಾ ಅಂದರೆ ಅಡುಗೆದೋ, ಬಟ್ಟೆದೋ, ಕಾಸ್ಟಿಕ್ಕೋ? ಹಾಗಂತ ಲೇಬಲ್ ಮೇಲೆ ಬರೀ ಉದ್ದನೆಯ ಪುಸ್ತಕದ ಹೆಸರು ಹಾಕಿದರೆ ಯಾರೂ ಓದಲ್ಲ. ಎರಡೂ ಹಾಕಿ. ಲೈನಿನಲ್ಲಿ ಕರೆಯುವ ಹೆಸರು ದೊಡ್ಡದಾಗಿ, ಪೂರ್ತಿ ಹೆಸರು ಅದರ ಕೆಳಗೆ, ಎಸ್‌ಡಿಎಸ್‌ನಲ್ಲಿ ಇರುವಂತೆಯೇ.

ಒಂದು ಜಗ್ಗಿಗೆ ಮಾಡಿ ತೋರಿಸುತ್ತೇನೆ. ಡ್ರಮ್ಮಿನಿಂದ ಆಸಿಡ್ ಬಗ್ಗಿಸುವ ಐದು ಲೀಟರಿನ ಜಗ್ಗು ಅಂದುಕೊಳ್ಳಿ. ಮೇಲೆ ದೊಡ್ಡದಾಗಿ 'ಎಚ್‌ಸಿಎಲ್ ಆಸಿಡ್, 30 ಪರ್ಸೆಂಟ್'. ಕೆಳಗೆ 'ಹೈಡ್ರೋಕ್ಲೋರಿಕ್ ಆಸಿಡ್'. ಎಡಕ್ಕೆ ಕೈ ಸುಡುವ ಚಿತ್ರ, ಆಶ್ಚರ್ಯ ಚಿಹ್ನೆ. ಬಲಕ್ಕೆ ಕೆಂಪಿನಲ್ಲಿ 'ಅಪಾಯ'. ಆಮೇಲೆ ಮೂರೇ ಸಾಲು: 'ಚರ್ಮ ಸುಡುತ್ತದೆ, ಕಣ್ಣು ಹೋಗುತ್ತದೆ. ಹೊಗೆ ಕುಡಿಯಬೇಡಿ. ಬಿದ್ದರೆ ಬಟ್ಟೆ ಬಿಚ್ಚಿ, 15 ನಿಮಿಷಕ್ಕೆ ಕಡಿಮೆ ಇಲ್ಲದ ಹಾಗೆ ನೀರು ಹಾಕುತ್ತಲೇ ಇರಿ.' ಅದರ ಕೆಳಗೆ 'ಹೈಪೋ, ಸಯನೈಡ್ ಸೇರಿಸಬೇಡಿ'. ಇಷ್ಟೇ. ಎಸ್‌ಡಿಎಸ್‌ನ ಎಲ್ಲಾ ಪಿ ವಾಕ್ಯಗಳನ್ನ ಜಗ್ ಮೇಲೆ ತುಂಬಬೇಡಿ, ಇರುವೆ ಸಾಲಿನ ಹಾಗೆ ಕಾಣುತ್ತದೆ, ಯಾರೂ ಓದಲ್ಲ. ಅಳತೆಗೆ ಯುರೋಪಿನ ನಿಯಮ ನೋಡಿಕೊಳ್ಳಬಹುದು: 3 ಲೀಟರ್ ತನಕ 52ಕ್ಕೆ 74 ಮಿಲಿಮೀಟರ್, 50 ಲೀಟರ್ ತನಕ 74ಕ್ಕೆ 105, 500ರ ತನಕ 105ಕ್ಕೆ 148.

ಅಮೆರಿಕದ ನಿಯಮದಲ್ಲಿ ಒಂದು ವಿನಾಯಿತಿ ಇದೆ. ಬಗ್ಗಿಸಿಕೊಂಡವನೇ ಆಗಲೇ ಬಳಸಿ ಮುಗಿಸಿದರೆ ಆ ಪಾತ್ರೆಗೆ ಲೇಬಲ್ ಬೇಡ ಅಂತ. ಕೆಲವು ಕನ್ಸಲ್ಟೆಂಟ್‌ಗಳು ಇದನ್ನ ಹಿಡಿದುಕೊಂಡು ಜಗ್ಗಿಗೆ ಬೇಡ ಬಿಡಿ ಅಂತಾರೆ. ಕೇಳಬೇಡಿ. ನಮ್ಮಲ್ಲಿ 'ಆಗಲೇ' ಅನ್ನೋದು ಎಷ್ಟು ಉದ್ದ ಅಂತ ನಿಮಗೂ ಗೊತ್ತು. ಅಷ್ಟರಲ್ಲಿ ಫೋನ್ ಬರುತ್ತದೆ, ಟೀ ಬರುತ್ತದೆ, ಕರೆಂಟ್ ಹೋಗುತ್ತದೆ, ಜಗ್ ಅಲ್ಲೇ ಉಳಿಯುತ್ತದೆ, ಶಿಫ್ಟ್ ಬದಲಾಗುತ್ತದೆ. ಒಂದೊಂದು ಕೆಮಿಕಲ್‌ಗೆ ಒಂದೊಂದು ಜಗ್ಗು, ಬೇರೆ ಬೇರೆ ಬಣ್ಣದ್ದು, ಲೇಬಲ್ ಖಾಯಂ. ನೀರಿನ ಬಾಟಲಿ, ಜ್ಯೂಸ್ ಬಾಟಲಿ ಲೈನಿನ ಹತ್ತಿರವೇ ಬರಬಾರದು, ಖಾಲಿಯದ್ದೂ ಬೇಡ.

ಭಾಷೆ. ಪೀಣ್ಯದಲ್ಲಿ ಇವತ್ತು ಲೈನ್ ಮೇಲೆ ನಿಂತಿರುವವರಲ್ಲಿ ಬಿಹಾರ, ಒಡಿಶಾ, ಅಸ್ಸಾಂನಿಂದ ಬಂದ ಹುಡುಗರು ಎಷ್ಟೊಂದು ಇದ್ದಾರೆ. ಕನ್ನಡ, ಹಿಂದಿ ಎರಡರಲ್ಲೂ ಆ ಮೂರು ಸಾಲು ಹಾಕಿ, ಇಂಗ್ಲಿಷ್ ಆಡಿಟ್‌ನವರಿಗೆ. ಹಾಕಿ ಆದ ಮೇಲೆ, ಕೆಲಸಕ್ಕೆ ಸೇರಿ ಒಂದು ವಾರ ಆಗಿರುವ ಹುಡುಗನನ್ನ ಜಗ್ ಮುಂದೆ ನಿಲ್ಲಿಸಿ ಕೇಳಿ, ಇದು ಮೈಮೇಲೆ ಬಿದ್ದರೆ ಏನ್ ಮಾಡ್ತೀಯಪ್ಪಾ ಅಂತ. ನಾನು ಹೀಗೆ ಕೇಳಿದಾಗ ಸತ್ತ ಮೀನು, ಒಣಗಿದ ಮರದ ಚಿತ್ರ ನೋಡಿ ಒಬ್ಬ 'ಇದು ಮೀನಿಗೆ ಹಾಕೋದು ಸಾರ್' ಅಂದಿದ್ದ. ತಪ್ಪು ಅವನದ್ದಲ್ಲ. ಚಿತ್ರ ಹಾಕಿದವರು ಅದೇನು ಅಂತ ಅವನಿಗೆ ಒಂದು ದಿನವೂ ಕೂರಿಸಿ ಹೇಳಿರಲಿಲ್ಲ.

ಲೇಬಲ್ ಹಾಳಾಗೋದು. ಕಾಗದದ ಮೇಲೆ ಇಂಕ್‌ಜೆಟ್ ಪ್ರಿಂಟ್ ತೆಗೆದು ಮೇಲೆ ಸೆಲ್ಲೋಟೇಪ್ ಹಚ್ಚಿರುತ್ತೀರಿ, ಅಲ್ವಾ? ಟೇಪಿನ ಅಂಚಿನಿಂದ ತೇವ ಒಳಗೆ ಹೋಗಿ ಕಾಗದ ಹಳದಿಯಾಗಿ ಇಂಕು ಹರಡುತ್ತದೆ. ಪಾಲಿಯೆಸ್ಟರ್ ಅಥವಾ ಪಾಲಿಪ್ರಾಪಿಲೀನ್ ಸ್ಟಿಕ್ಕರ್ ಹಾಳೆ, ಥರ್ಮಲ್ ಟ್ರಾನ್ಸ್‌ಫರ್ ಪ್ರಿಂಟರ್, ಅದಕ್ಕೆ ರೆಸಿನ್ ರಿಬ್ಬನ್. ಬಾರ್‌ಕೋಡ್ ಸ್ಟಿಕ್ಕರ್ ಮಾಡಿಕೊಡುವ ಅಂಗಡಿಗಳಲ್ಲಿ ಕೇಳಿ, ಮಾಡಿಕೊಡುತ್ತಾರೆ. ಆದರೂ ಜಗ್ಗು, ಕ್ಯಾನಿನ ಪ್ಲಾಸ್ಟಿಕ್ ಮೇಲೆ ಸಾಮಾನ್ಯ ಗೋಂದು ಸರಿಯಾಗಿ ಹಿಡಿಯಲ್ಲ, ಅದರ ಮೈ ಮೇಣದ ಥರ. ಹಾಗಾಗಿ ನಾನು ಜಗ್ಗಿಗೆ ಸ್ಟಿಕ್ಕರ್ ಬದಲು ಪ್ಲಾಸ್ಟಿಕ್ ಬಿಲ್ಲೆಯ ಮೇಲೆ ಕೆತ್ತಿಸಿ, ಹಿಡಿಕೆಗೆ ಪಾಲಿಪ್ರಾಪಿಲೀನ್ ಕೇಬಲ್ ಟೈ ಹಾಕಿ ಬಿಗಿಯುತ್ತಿದ್ದೆ. ಕೆತ್ತಿದ್ದು ಅಳಿಸಲ್ಲ. ಸ್ಟೀಲಿನ ಬಿಲ್ಲೆ ಬೇಡ, ಎಚ್‌ಸಿಎಲ್ ಹೊಗೆಗೆ ಅದೂ ತುಕ್ಕು ಹಿಡಿಯುತ್ತದೆ. ಟ್ಯಾಂಕಿಗಂತೂ ಮೈಮೇಲೆ ಅಂಟಿಸೋಕೇ ಹೋಗಬೇಡಿ, ಹಿಂದಿನ ಗೋಡೆಗೆ ಕಣ್ಣೆತ್ತರದಲ್ಲಿ ಬೋರ್ಡ್ ಹೊಡೆಸಿ. ತಿಂಗಳಿಗೊಮ್ಮೆ ಒದ್ದೆ ಬಟ್ಟೆಯಲ್ಲಿ ಒರೆಸೋಕೆ ಒಬ್ಬರಿಗೆ ಹೆಸರು ಹೇಳಿ ವಹಿಸಿ.

ಇಟಿಪಿ ಕೆಸರು ತುಂಬುವ ಡ್ರಮ್ಮುಗಳನ್ನ ಈ ಲೆಕ್ಕದಲ್ಲಿ ಸೇರಿಸಬೇಡಿ. ಅವಕ್ಕೆ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ನಮೂನೆ 8 ಇದೆ, ಹೊಳೆಯುವ ಹಳದಿ ಹಿನ್ನೆಲೆ, ಕೆಂಪು ಅಕ್ಷರ. ಅದರಲ್ಲಿ ಹಿಂದಿ, ಇಂಗ್ಲಿಷ್ ಜೊತೆ ಸ್ಥಳೀಯ ಭಾಷೆಯೂ ಇರಲೇಬೇಕು, ಅಂದರೆ ಇಲ್ಲಿ ಕನ್ನಡ ಕಡ್ಡಾಯ. ತುಂಬಲು ಶುರು ಮಾಡಿದ ತಾರೀಖು ಬರೆದಿಡಿ, ಸಾಮಾನ್ಯವಾಗಿ 90 ದಿನಕ್ಕಿಂತ ಜಾಸ್ತಿ ಇಟ್ಟುಕೊಳ್ಳೋ ಹಾಗಿಲ್ಲ.

ಕೊನೇದಾಗಿ ಒಂದು, ನೀವು ಕೇಳಿಲ್ಲ, ಆದರೆ ಆ ಸುತ್ತು ಹಾಕುವಾಗ ಖಂಡಿತ ಸಿಗುತ್ತದೆ. ಹೆಸರೇ ಇಲ್ಲದ ಎರಡೋ ಮೂರೋ ಕ್ಯಾನು, ಅರ್ಧ ತುಂಬಿದ್ದು, ಯಾವ ಕಾಲದ್ದೋ. ಹಳಬರು ಯಾರಾದರೂ ಮುಚ್ಚಳ ತೆಗೆದು ಮೂಸಿ 'ಇದು ಎಚ್‌ಸಿಎಲ್ಲೇ' ಅಂತ ಧೈರ್ಯವಾಗಿ ಹೇಳುತ್ತಾರೆ. ಮೂಸೋಕೆ ಬಿಡಬೇಡಿ. ಅಂದಾಜಿನ ಮೇಲೆ ಹೆಸರು ಅಂಟಿಸೋದಂತೂ ಬೇಡವೇ ಬೇಡ. 'ಏನೆಂದು ಗೊತ್ತಿಲ್ಲ, ಮುಟ್ಟಬೇಡಿ' ಅಂತ ಬರೆದು, ಸಿಕ್ಕಿದ ತಾರೀಖು ಹಾಕಿ, ಆಸಿಡ್‌ನಿಂದಲೂ ಸಯನೈಡ್‌ನಿಂದಲೂ ದೂರ ಒಂದೊಂದಕ್ಕೂ ಬೇರೆ ಬೇರೆ ಟ್ರೇ ಕೊಟ್ಟು ಇಡಿ. ನಿಮ್ಮ ಅಪಾಯಕಾರಿ ತ್ಯಾಜ್ಯ ಒಯ್ಯುವ ಅಧಿಕೃತ ಸಂಸ್ಥೆಗೆ ಫೋನ್ ಮಾಡಿ, ಅವರು ಸ್ಯಾಂಪಲ್ ತೆಗೆದು ನೋಡಿ ಒಯ್ಯುತ್ತಾರೆ. ದುಡ್ಡು ಕೇಳುತ್ತಾರೆ, ಓನರ್ ಗೊಣಗುತ್ತಾರೆ, ಗೊಣಗಲಿ. ಪಟ್ಟಿ ಆದ ಮೇಲೆ ಆ ಬ್ರೈಟ್ನರ್‌ಗಳ ಎಸ್‌ಡಿಎಸ್ 2ನೇ ವಿಭಾಗ ಮಾತ್ರ ನನಗೆ ಕಳಿಸಿ, ನೋಡಿ ಹೇಳುತ್ತೇನೆ.